ಅಜ್ಜಿ ಉಂಡ ಜಾಗ

ಅಮೆರಿಕದ ನಾರ್ತ್ ಕ್ಯಾರೊಲೈನಾದ ಏಪೆಕ್ಸ್ ಊರಿನ ತಾರಾನಾಥನ ಮನೆಯಲ್ಲಿ ಗಲಾಟೆ ಶುರುವಾದದ್ದು ಒಂದು ತಟ್ಟೆಯಿಂದ. ಫೆಬ್ರವರಿಯ ಮೊದಲ ವಾರ, ಸಂಜೆ ಆರೂವರೆಯ ಊಟದ ಹೊತ್ತು. ಎಂಟನೇ ತರಗತಿಯ ಮಗಳು ನವ್ಯಾ ಬಾಯಲ್ಲಿ ಚಪಾತಿ ಇಟ್ಟುಕೊಂಡೇ ಹೇಳಿದಳು, “ನಂಗೆ ಒಂದು ಪ್ಲೇಟ್ ಬೇಕು. ಓಲ್ಡ್ ಪ್ಲೇಟ್. ಸ್ಕೂಲ್‌ಗೆ.”

“ಈ ಮನೇಲಿ ಇರೋದೆಲ್ಲ ಓಲ್ಡೇ. ಯಾವುದ್ ಬೇಕೋ ತಗೊಂಡ್ ಹೋಗು,” ಎಂದಳು ತಾಯಿ ಯಾಮಿನಿ.

“ನೋ ಅಮ್ಮಾ. ಸ್ಟೋರಿ ಇರೋ ಪ್ಲೇಟ್.”

ವಿಷಯ ಇಷ್ಟು. ನವ್ಯಾಳ ಸೋಷಲ್ ಸ್ಟಡೀಸ್ ಟೀಚರ್ ಮಿಸೆಸ್ ಪೆಟಿಫರ್ಡ್ ಪ್ರತಿ ವರ್ಷ ಕಪ್ಪು ಜನರ ಇತಿಹಾಸ ಕಲಿಸುವಾಗ ಗ್ರೀನ್ಸ್‌ಬರೋದ ಪಾಠ ಮಾಡುತ್ತಿದ್ದರು. ಇಲ್ಲಿಂದ ಒಂದೂವರೆ ಗಂಟೆಯ ದಾರಿ. ೧೯೬೦ರಲ್ಲಿ ಅಲ್ಲಿನ ನಾಲ್ವರು ಕಪ್ಪು ವಿದ್ಯಾರ್ಥಿಗಳು ಬಿಳಿಯರಿಗೆ ಮಾತ್ರ ಮೀಸಲಾಗಿದ್ದ ಊಟದ ಕೌಂಟರಿನಲ್ಲಿ ಕೂತು, ಏಳುವುದಿಲ್ಲ ಅಂದುಬಿಟ್ಟಿದ್ದರು. ಪಾಠ ಮುಗಿದ ಮೇಲೆ ಟೀಚರು ಶಾಲೆಯ ಲೈಬ್ರರಿಯಲ್ಲಿ ಒಂದು ಉದ್ದದ ಮೇಜು ಹಾಕಿಸುತ್ತಿದ್ದರು. ಪ್ರತಿ ಮಗುವೂ ಮನೆಯ ಹಿರಿಯರನ್ನು ಕೇಳಬೇಕು: ನೀವು ಚಿಕ್ಕವರಿದ್ದಾಗ ಎಲ್ಲಿ ಕೂತು ಉಂಡಿರಿ, ನಿಮ್ಮ ಜೊತೆ ಯಾರು ಕೂರುವ ಹಾಗಿರಲಿಲ್ಲ? ಆ ತಟ್ಟೆಯನ್ನೋ ಲೋಟವನ್ನೋ ಮೇಜಿನ ಮೇಲಿಟ್ಟು ಪಕ್ಕದಲ್ಲಿ ಒಂದು ಕಾರ್ಡು ಬರೆಯಬೇಕು. ಮಾರ್ಚಿನ ಒಂದು ಸಂಜೆ ಅಪ್ಪ ಅಮ್ಮಂದಿರು ಬಂದು ನೋಡುತ್ತಾರೆ.

“ಒಳ್ಳೇ ಪಾಠ,” ಎಂದ ತಾರಾನಾಥ. ಮನಸ್ಸಿನಿಂದಲೇ ಅಂದ. ಎರಡು ವರ್ಷದ ಹಿಂದೆ ಮಗಳನ್ನು ತಾನೇ ಕರೆದುಕೊಂಡು ಹೋಗಿ ಆ ಕೌಂಟರ್ ತೋರಿಸಿದ್ದ. ಅಲ್ಲಿ ನಿಂತಾಗ ಕಣ್ಣು ತುಂಬಿ, ಅಲರ್ಜಿ ಅಂತ ಸುಳ್ಳು ಹೇಳಿದ್ದ.

ನವ್ಯಾ ಅಜ್ಜಿಯ ಕಡೆ ತಿರುಗಿದಳು. “ಅಜ್ಜಿ, ನೀವು ಎಲ್ಲಿ ಊಟ ಮಾಡ್ತಿದ್ರಿ?”

ಪ್ರೇಮಾವತಿ ಆರು ತಿಂಗಳಿಗೆಂದು ನವೆಂಬರಿನಲ್ಲಿ ಬಂದವರು. ಎಪ್ಪತ್ತು ದಾಟಿದೆ. ಅವರು ಬಾಯಿ ತೆರೆಯುವ ಮೊದಲೇ ಮಗ ಉತ್ತರ ಕೊಟ್ಟುಬಿಟ್ಟ. “ಹಿತ್ತಾಳೆ ತಟ್ಟೇಲಿ, ಪುಟ್ಟಿ. ಎಲ್ರೂ ಚಾಪೆ ಮೇಲೆ ಸಾಲಾಗಿ ಕೂತು ಊಟ ಮಾಡ್ತಿದ್ರು. ಇಂಡಿಯನ್ ಸ್ಟೋರಲ್ಲಿ ಒಂದು ಹಿತ್ತಾಳೆ ತಟ್ಟೆ ತರ್ತೀನಿ ಬಿಡು.”

“ನಮ್ಮಲ್ಲಿ ಹಿತ್ತಾಳೆ ತಟ್ಟೆ ಯಾವಾಗ ಇತ್ತು ಮಾರಾಯಾ?” ಎಂದರು ಪ್ರೇಮಾವತಿ. ಯಾಮಿನಿ ನಕ್ಕಳು. ತಾರಾನಾಥ ನಗಲಿಲ್ಲ.

ಅವನ ಸಂಕಟ ಏನೆಂದು ಈಗಲೇ ಹೇಳಿಬಿಡುತ್ತೇನೆ. ಮಂಗಳೂರಿನ ಕಡೆಯ ಹಳ್ಳಿಯಲ್ಲಿ ಅವನ ಅಜ್ಜಿ ಧಣಿಗಳ ಗದ್ದೆಯಲ್ಲಿ ದುಡಿದವಳು. ಮನೆಯ ಮೆಟ್ಟಿಲು ಹತ್ತುವ ಹಾಗಿರದ ಜಾತಿ. ತಾಯಿ ಬೀಡಿ ಕಟ್ಟಿ ಇವನನ್ನು ಓದಿಸಿದರು. ಆರನೇ ಕ್ಲಾಸಿನಲ್ಲಿ ಮೇಷ್ಟ್ರು ವರ್ಷಕ್ಕೊಮ್ಮೆ ರಿಜಿಸ್ಟರ್ ಹಿಡಿದು ಬಂದು, “ಸ್ಕಾಲರ್‌ಶಿಪ್ಪಿನವರು ಎದ್ದು ನಿಲ್ಲಿ” ಅನ್ನುತ್ತಿದ್ದರು. ಐವತ್ತು ಮಕ್ಕಳ ನಡುವೆ ಎದ್ದು ನಿಂತ ಆ ನಾಲ್ಕು ನಿಮಿಷ ಇವನ ಮೈಯಿಂದ ಇನ್ನೂ ಇಳಿದಿಲ್ಲ. ಅಮೆರಿಕಕ್ಕೆ ಬಂದ ಮೇಲೆ ಯಾರೂ ಎದ್ದು ನಿಲ್ಲು ಅನ್ನಲಿಲ್ಲ, ಇವನೂ ಹೇಳಲಿಲ್ಲ. ಮೈಸೂರಿನ ಶೇಷಾದ್ರಿ, ಇದೇ ಬೀದಿಯವರು, ಕನ್ನಡ ಸಂಘದ ಪರಿಚಯ, ಹೊಸದರಲ್ಲಿ ಕೇಳಿದ್ದರು: “ಮಂಗಳೂರು ಅಂದ್ರೆ ನೀವು ಭಟ್ರೋ, ಶೆಟ್ರೋ?” ಇವನು “ಹ್ಞಾಂ, ಆ ಕಡೆನೇ” ಎಂದು ನಕ್ಕು ಸಾಂಬಾರಿನ ಸೌಟು ಹಿಡಿದಿದ್ದ. ಅವತ್ತಿನಿಂದ ಸಂಘದ ಕಣ್ಣಿಗೆ ಇವನು ಶುದ್ಧ ಸಸ್ಯಾಹಾರಿ. ಗ್ಯಾರೇಜಿನ ಫ್ರೀಜರಿನಲ್ಲಿ ಒಣಮೀನು ಮೂರು ಕವರಿನೊಳಗೆ ಅವಿತು ಕೂತಿರುತ್ತಿತ್ತು. ಶೇಷಾದ್ರಿಯ ಮಗಳು ಸಪ್ನಾ ನವ್ಯಾಳ ಕ್ಲಾಸಿನಲ್ಲೇ ಓದುತ್ತಾಳೆ. ಆ ಮಾರ್ಚಿನ ಸಂಜೆ ಅವರೂ ಬಂದೇ ಬರುತ್ತಾರೆ.

ಊರಿಗೆ ಬಂದವಳು ನೀರಿಗೆ ಬಾರದಿರುತ್ತಾಳೆಯೇ? ಮುಂದಿನ ಶನಿವಾರ ತಾರಾನಾಥ ಕಾಸ್ಟ್‌ಕೋದಿಂದ ಅಕ್ಕಿ, ಟಿಶ್ಯೂ ಕಾರಿನಲ್ಲಿ ತುಂಬಿಕೊಂಡು ಬಂದಾಗ ಅಜ್ಜಿ ಮೊಮ್ಮಗಳು ಹಿತ್ತಲಲ್ಲಿ ಕುಕ್ಕರುಗಾಲಲ್ಲಿ ಕೂತಿದ್ದರು. ನಡುವೆ ಓವನ್ನಿನ ದೊಡ್ಡ ಅಲ್ಯೂಮಿನಿಯಂ ಟ್ರೇ, ಅದರ ತುಂಬ ಕ್ಯಾರೊಲೈನಾದ ಕೆಂಪು ಮಣ್ಣು. ಮಣ್ಣಿನ ನಡುವೆ ಬೊಗಸೆಯಗಲದ ಒಂದು ಗುಂಡಿ.

“ಇದು ನಮ್ಮೂರ ಮಣ್ಣೇ ನೋಡು ತಾರಾ. ಬಣ್ಣ ಕೂಡ ಅದೇ!” ಎಂದರು ಪ್ರೇಮಾವತಿ, ಖುಷಿಯಲ್ಲಿ.

“ಏನಮ್ಮಾ ಇದು?”

“ಗಂಜಿ ಗುಂಡಿ. ಮಗು ಕೇಳಿತಲ್ಲ, ಎಲ್ಲಿ ಉಂಡದ್ದು ಅಂತ. ಬಾಳೆ ಎಲೆ ಫ್ರೀಜರಿಂದು ಉಂಟು. ಹಲಸಿನ ಎಲೆ ಇಲ್ಲಿ ಎಲ್ಲಿ ಸಿಕ್ತದೆ? ಈ ಮರದ್ದು ದಪ್ಪ ಉಂಟು, ಸಾಕು.” ಪಕ್ಕದ ಮನೆಯ ಮ್ಯಾಗ್ನೋಲಿಯಾದ ಎಲೆಯನ್ನು ಕೋನವಾಗಿ ಸುರುಟಿ, ಊರಿಂದ ತಂದ ಹಿಡಿಸೂಡಿ ಪೊರಕೆಯಿಂದ ಕಿತ್ತ ಕಡ್ಡಿಯನ್ನು ಚುಚ್ಚಿ, ಕ್ಷಣದಲ್ಲಿ ಒಂದು ಚಮಚ ಮಾಡಿ ತೋರಿಸಿದರು. ನಲವತ್ತು ವರ್ಷ ಬೀಡಿ ಸುರುಟಿದ ಬೆರಳು, ಕೇಳಬೇಕೇ!

“ಅಪ್ಪಾ, ಅಜ್ಜಿಗೆ ಪ್ಲೇಟೇ ಕೊಡ್ತಿರ್ಲಿಲ್ಲ! ಜಸ್ಟ್ ಲೈಕ್…” ನವ್ಯಾಳ ಮುಖ ಕೆಂಪಾಗಿತ್ತು. “ಯಾಕೆ ನೀವು ಹೇಳ್ಲಿಲ್ಲ?”

“ಒಳಗೆ ಹೋಗು. ಕೈ ತೊಳ್ಕೊ.”

ಮಗಳು ಒಳಗೆ ಹೋದಳು. ತಾರಾನಾಥ ದನಿ ತಗ್ಗಿಸಿ ತಾಯಿಯ ಮೇಲೆ ಹರಿಹಾಯ್ದ. “ಅವಳಿಗೆ ಅದೆಲ್ಲ ಯಾಕಮ್ಮಾ ಹೇಳಿದ್ದು? ಆ ಟೇಬಲ್ ಮೇಲೆ ಸಪ್ನಾ ಬೆಳ್ಳಿ ತಟ್ಟೆ ಇಡ್ತಾಳೆ. ನಮ್ಮ ಮಗು ಪಕ್ಕದಲ್ಲಿ ಮಣ್ಣು ಇಡ್ಬೇಕಾ?”

“ಮಣ್ಣು ಇದ್ದದ್ದು ಮಾರಾಯಾ. ಇಲ್ಲದ್ದನ್ನು ಇಟ್ಟದ್ದಲ್ಲ.”

“ಅವರ ಕಥೆ ಕಲಿಸ್ಲಿ, ಬೇಕಾದಷ್ಟು ಕಲಿಸ್ಲಿ. ನಾನೇ ದುಡ್ಡು ಕೊಟ್ಟು ತೋರಿಸ್ಕೊಂಡ್ ಬಂದೆ. ನಮ್ಮನೆ ಅಂಗಳಕ್ಕೆ ಯಾಕೆ ಕೈ ಹಾಕ್ಬೇಕು?”

“ಅವರ ಕಥೆ ಆದ್ರೆ ನೀನು ಅಳ್ತೀ. ನನ್ನದಾದ್ರೆ ನಾಚಿಕೆ,” ಎಂದು ಪ್ರೇಮಾವತಿ ಟ್ರೇ ಎತ್ತಿಕೊಂಡು ಗ್ಯಾರೇಜಿಗೆ ನಡೆದರು. ತಾರಾನಾಥ ಕಾರಿನ ಕಡೆ ತಿರುಗಿದ. ಅಕ್ಕಿ ಮೂಟೆ ಇನ್ನೂ ಕಾರಿನಲ್ಲೇ ಇತ್ತು.

ಯಾಮಿನಿ ಅವತ್ತು ಪಾತ್ರೆ ಒರೆಸುತ್ತಾ ಹೇಳಿದಳು, “ನಿನ್ನನ್ನ ಮದುವೆ ಆಗಿದ್ದಕ್ಕೆ ನಮ್ಮನೆಯವರು ಎರಡು ವರ್ಷ ನನ್ನ ಹತ್ರ ಮಾತು ಬಿಟ್ರು. ನಾನು ನಾಚ್ಕೊಳ್ಳಲಿಲ್ಲ. ನಿಂಗೇನಾಗಿದೆ ತಾರಾ?”

“ನಿಂಗೆ ಅರ್ಥ ಆಗಲ್ಲ. ನೀನು ಯಾವತ್ತೂ ಕ್ಲಾಸಲ್ಲಿ ಎದ್ದು ನಿಂತಿಲ್ಲ.”

“ಸರಿ. ಹಾಗಂತ ಮಗಳಿಗೆ ಹೇಳು. ಟೀಚರ್‌ಗೂ ಹೇಳು. ಸುಮ್ನೆ ಒಳಗೊಳಗೇ ಕುದೀಬೇಡ.”

ಅವನು ಇಬ್ಬರಿಗೂ ಹೇಳಲಿಲ್ಲ. ಸೋಮವಾರ ಶೇಷಾದ್ರಿ ವಾಟ್ಸಾಪಿನಲ್ಲಿ ಶಾಲೆಯ ದೂರಿನ ಫಾರ್ಮಿನ ಲಿಂಕ್ ಕಳಿಸಿದರು. ‘ನೋಡಿ, ಮಕ್ಕಳ ತಲೆಗೆ ಏನೇನೋ ತುಂಬ್ತಿದ್ದಾರೆ. ಇವರಿವರ ಜಗಳ, ನಮ್ಮ ಮಕ್ಕಳಿಗ್ಯಾಕೆ? ನಾನು ಫಾರ್ಮ್ ಹಾಕಿದೆ, ನೀವೂ ಹಾಕಿ.’ ಶೇಷಾದ್ರಿ ಕೆಟ್ಟವರೇನಲ್ಲ ಬಿಡಿ. ನವ್ಯಾ ಕೈ ಮುರಿದುಕೊಂಡಾಗ ಆಫೀಸು ಬಿಟ್ಟು ಓಡಿ ಬಂದು ಆಸ್ಪತ್ರೆಗೆ ಡ್ರೈವ್ ಮಾಡಿದವರು ಅವರೇ. ಫಾರ್ಮಿನಲ್ಲಿ ಎರಡು ಚೌಕಗಳಿದ್ದವು. ಒಂದು, ನನ್ನ ಮಗುವಿಗೆ ಬೇರೆ ಅಸೈನ್‌ಮೆಂಟ್ ಕೊಡಿ. ಎರಡು, ಈ ಪಾಠದ ಬಗ್ಗೆ ನನಗೆ ಆಕ್ಷೇಪವಿದೆ. ತಾರಾನಾಥನಿಗೆ ಬೇಕಾಗಿದ್ದದ್ದು ಮೊದಲನೆಯದು ಮಾತ್ರ. ಆದರೆ ಎರಡಕ್ಕೂ ಟಿಕ್ ಹಾಕದೆ ಫಾರ್ಮ್ ಮುಂದೆ ಹೋಗಲಿಲ್ಲ. ಹಾಕಿದ. ಕಾರಣ ಬರೆಯಿರಿ ಎಂಬಲ್ಲಿ ‘ಮಗುವಿಗೆ ಮುಜುಗರವಾಗಿದೆ’ ಎಂದು ಬರೆದ. ಮುಜುಗರ ಯಾವ ಮಗುವಿಗೋ! ಕಳಿಸಿ, ಲ್ಯಾಪ್‌ಟಾಪ್ ಮುಚ್ಚಿ, ಮೀಟಿಂಗಿಗೆ ಹೋದ. ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿದಾಯಿತು.

ಹತ್ತು ದಿನ ಏನೂ ಆಗಲಿಲ್ಲ. ಹನ್ನೊಂದನೆಯ ದಿನ ನವ್ಯಾ ಊಟದ ಮೇಜಿಗೆ ಬಂದು ಕೂರಲಿಲ್ಲ, ಕುರ್ಚಿಯ ಹಿಂದೆ ನಿಂತಳು.

“ಅಪ್ಪಾ, ಡಿಡ್ ಯು ಫಿಲ್ ಔಟ್ ದ ಫಾರ್ಮ್?”

“ಯಾವ ಫಾರ್ಮ್?”

“ಮಿಸೆಸ್ ಪೆಟಿಫರ್ಡ್ ನಂಗೆ ಬೇರೆ ವರ್ಕ್‌ಶೀಟ್ ಕೊಟ್ರು. ನಿಮ್ಮ ಫಾದರ್ ಕೇಳಿದ್ರು ಅಂದ್ರು. ಟೇಬಲ್ ಸ್ಟಾಪ್ ಮಾಡಿದ್ದಾರೆ, ಎಲ್ರಿಗೂ. ತ್ರೀ ಕಂಪ್ಲೇಂಟ್ಸ್ ಬಂದಿದೆ ಅಂತೆ, ಕಮಿಟಿ ಇದೆ ಅಂತೆ. ಶಿ ವಾಸ್ ಆಲ್ಮೋಸ್ಟ್ ಕ್ರೈಯಿಂಗ್, ಅಪ್ಪಾ!”

ತಾರಾನಾಥ ನೀರು ಕುಡಿದ. “ನಾನು ನಿಂಗೆ ಬೇರೆ ಅಸೈನ್‌ಮೆಂಟ್ ಕೇಳಿದೆ ಅಷ್ಟೇ. ಪಾಠ ನಿಲ್ಸಿ ಅನ್ಲಿಲ್ಲ.”

“ಕಂಪ್ಲೇಂಟ್ ಮಾಡಿದ್ಯಾ ಇಲ್ವಾ?” ಕೇಳಿದಳು ಯಾಮಿನಿ.

“ಟಿಕ್ ಹಾಕದೆ ಮುಂದೆ ಹೋಗ್ಲಿಲ್ಲ ಕಣೇ…”

“ಅಯ್ಯೋ ನಿನ್ನ! ಆ ಹೆಂಗಸಿನ ಕೆಲಸಕ್ಕೆ ಕಲ್ಲು ಹಾಕಿದ್ಯಲ್ಲೋ!”

ಪ್ರೇಮಾವತಿಗೆ ಅರ್ಧ ಇಂಗ್ಲಿಷಿನ ಈ ಜಗಳ ಪೂರ್ತಿ ಅರ್ಥವಾಗಲಿಲ್ಲ. ನವ್ಯಾ ತನಗೆ ಬಂದಷ್ಟು ಕನ್ನಡದಲ್ಲಿ ಹೇಳಿದಳು. “ಅಜ್ಜಿ, ನಿಮ್ಮ ಗಂಜಿ ಗುಂಡಿ ಟೇಬಲ್ ಮೇಲೆ ಬೇಡ ಅಂತ ಅಪ್ಪ ಸ್ಕೂಲ್‌ಗೆ ಬರೆದ್ರು. ಈಗ ಯಾರ್ದೂ ಇಲ್ಲ.”

ಪ್ರೇಮಾವತಿ ಮಗನನ್ನು ಬೈಯಲಿಲ್ಲ. ತಮ್ಮ ತಟ್ಟೆ ಎತ್ತಿಕೊಂಡು ಹಿಂಬಾಗಿಲು ತೆಗೆದು, ಡೆಕ್ಕಿನ ಕೆಳಗಿನ ಮೆಟ್ಟಿಲಲ್ಲಿ ಕೂತು ಅನ್ನ ಕಲಸತೊಡಗಿದರು. ಹೊರಗೆ ಚಳಿ, ಸ್ವೆಟರ್ ಕೂಡ ಇರಲಿಲ್ಲ.

“ಅಮ್ಮಾ, ಒಳಗೆ ಬನ್ನಿ. ಪಕ್ಕದ ಮನೆಯವರು ನೋಡ್ತಾರೆ.”

“ನೋಡ್ಲಿ. ನಾನು ಉಂಡ ಜಾಗ ಹೇಳ್ಲಿಕ್ಕೆ ನಿಂಗೆ ನಾಚಿಕೆ ಅಲ್ವಾ? ಹಾಗಾದ್ರೆ ನಾನು ನಿನ್ನ ಮೇಜಿನಲ್ಲಿ ಕೂತದ್ದೂ ಸುಳ್ಳೇ ಆಯ್ತು. ಇಲ್ಲೇ ಸರಿ.”

ಮಾಡಿದ್ದುಣ್ಣೋ ಮಹರಾಯ! ಆರು ದಿನ ಹೀಗೇ ನಡೆಯಿತು. ಪ್ರೇಮಾವತಿ ಎಂದಿನಂತೆ ಅಡುಗೆ ಮಾಡುತ್ತಿದ್ದರು, ಬಟ್ಟೆ ಮಡಚುತ್ತಿದ್ದರು, ನವ್ಯಾಳ ಜಡೆ ಹೆಣೆಯುತ್ತಿದ್ದರು. ಊಟದ ಹೊತ್ತಿಗೆ ಮಾತ್ರ ತಟ್ಟೆ ಹಿಡಿದು ಮೆಟ್ಟಿಲಿಗೆ. ಯಾಮಿನಿ ಒಂದು ಶಾಲು ತಂದು ಹೊದಿಸಿ ಬರುತ್ತಿದ್ದಳು. ಒಳಗೆ ಮೇಜಿನಲ್ಲಿ ಮೂವರು ಕೂತು, ಉಪ್ಪು ಕೊಡು ಎನ್ನುವುದಕ್ಕೂ ಮಾತಿಲ್ಲದೆ ಉಣ್ಣುತ್ತಿದ್ದರು. ತಾರಾನಾಥನಿಗೆ ನಿಜವಾಗಿಯೂ ದುಃಖವಾಗಿತ್ತು, ಕೋಪವೂ ಬಂದಿತ್ತು. ತಾಯಿಯ ಮೇಲೆ, ಟೀಚರ ಮೇಲೆ, ಆರನೇ ಕ್ಲಾಸಿನ ಆ ಮೇಷ್ಟ್ರ ಮೇಲೆ, ಎಲ್ಲರಿಗಿಂತ ಹೆಚ್ಚಾಗಿ ತನ್ನ ಮೇಲೆ. ಫಾರ್ಮ್ ವಾಪಸ್ ತೆಗೆದುಕೊಳ್ಳುತ್ತೇನೆಂದು ಇಮೇಲ್ ಮಾಡಿದ. ಪರಿಶೀಲನೆ ಶುರುವಾಗಿದೆ, ಗುರುವಾರದ ಸಭೆಯಲ್ಲಿ ಬಂದು ಹೇಳಿ, ಮನೆಯ ಹಿರಿಯರೂ ಬರಬಹುದು ಎಂದು ಉತ್ತರ ಬಂತು.

“ನಾನೂ ಬರ್ತೇನೆ,” ಎಂದರು ಪ್ರೇಮಾವತಿ ಮೆಟ್ಟಿಲ ಮೇಲಿಂದಲೇ. “ಗುಂಡಿ ನನ್ನದಲ್ವಾ?”

ದುಭಾಷಿಗಳ ವ್ಯವಸ್ಥೆ ಇದೆಯೇ ಎಂದು ಯಾಮಿನಿ ಶಾಲೆಗೆ ಫೋನ್ ಮಾಡಿದಳು. ಅವರ ಪಟ್ಟಿಯಲ್ಲಿ ಹಿಂದಿ ಇತ್ತು, ತೆಲುಗು ಇತ್ತು, ಕನ್ನಡ ಇರಲಿಲ್ಲ. “ನೀನು ಹೇಳ್ತೀಯಾ?” ಎಂದು ತಾರಾನಾಥ ಹೆಂಡತಿಯನ್ನು ಕೇಳಿದ.

“ಸಾರಿ. ಅದು ನಿನ್ನ ಬಾಯಿಂದಲೇ ಬರ್ಬೇಕು.”

ಗುರುವಾರ ಲೈಬ್ರರಿಯಲ್ಲಿ ಮೂವತ್ತು ಜನರಿದ್ದರು. ಉದ್ದದ ಮೇಜನ್ನು ಗೋಡೆಗೆ ಒತ್ತಿ ಮಡಚಿ ನಿಲ್ಲಿಸಿದ್ದರು. ಕಮಿಟಿಯ ಐವರು ಮುಂದೆ, ಒಂದು ಬದಿಗೆ ಮಿಸೆಸ್ ಪೆಟಿಫರ್ಡ್, ಕಡುನೀಲಿ ಜಾಕೆಟ್ಟಿನಲ್ಲಿ, ಕೈಯನ್ನು ಮಡಿಲಲ್ಲಿ ಬಿಗಿಯಾಗಿ ಹಿಡಿದು ಕೂತಿದ್ದರು. ಮೊದಲ ಸಾಲಿನಲ್ಲಿ ಶೇಷಾದ್ರಿ ತಿರುಗಿ ನೋಡಿ, ಬನ್ನಿ ಎಂದು ಪಕ್ಕದ ಕುರ್ಚಿ ತೋರಿಸಿದರು. ತಾರಾನಾಥ ಕಾಣದವನ ಹಾಗೆ ತಾಯಿ, ಹೆಂಡತಿ, ಮಗಳ ಜೊತೆ ಹಿಂದಿನ ಸಾಲಿನಲ್ಲಿ ಕೂತ.

ಹೆಸರು ಕರೆದಾಗ ತಾಯಿ ಮಗ ಇಬ್ಬರೂ ಮೈಕಿನ ಮುಂದೆ ಹೋದರು. ಪ್ರೇಮಾವತಿ ಮೈಕನ್ನು ನೋಡಲಿಲ್ಲ, ನೇರವಾಗಿ ಟೀಚರನ್ನು ನೋಡಿ ಮಾತಾಡಿದರು.

“ನಾನು ಚಿಕ್ಕದಿರುವಾಗ ನನ್ನ ಅಮ್ಮನ ಒಟ್ಟಿಗೆ ಧಣಿಗಳ ಗದ್ದೆಗೆ ಹೋಗ್ತಿದ್ದೆ.”

ತಾರಾನಾಥ ಇಂಗ್ಲಿಷಿನಲ್ಲಿ ಹೇಳಿದ. ಸರಿಯಾಗಿಯೇ ಹೇಳಿದ.

“ಮಧ್ಯಾಹ್ನ ಅಂಗಳದ ಹೊರಗೆ ನೆಲದಲ್ಲಿ ಗುಂಡಿ ತೋಡಿ, ಬಾಳೆ ಎಲೆ ಇಟ್ಟು, ಮೇಲಿಂದ ಗಂಜಿ ಹೊಯ್ತಿದ್ರು. ಪಾತ್ರೆ ಕೊಡ್ಲಿಕ್ಕಿಲ್ಲ. ನಾವು ಮುಟ್ಟಿದ ಪಾತ್ರೆ ಅವರು ಮುಟ್ಟಬೇಕಲ್ಲ.”

“ನನ್ನ ತಾಯಿ ಹೇಳುತ್ತಿದ್ದಾರೆ,” ಎಂದು ತಾರಾನಾಥ ಇಂಗ್ಲಿಷಿನಲ್ಲಿ ಶುರು ಮಾಡಿದ, “ಮಧ್ಯಾಹ್ನ ಹೊರಗೆ, ಬಾಳೆ ಎಲೆಯ ಬೋಗುಣಿಯಲ್ಲಿ ಊಟ ಕೊಡುತ್ತಿದ್ದರು.”

“ಆ ಮನೆಯ ನಾಯಿಗೆ ಒಂದು ಮಣ್ಣಿನ ಚಟ್ಟಿ ಇತ್ತು. ನಮಗೆ ಇರ್ಲಿಲ್ಲ.”

“ಆ ಮನೆಯಲ್ಲಿ ಒಂದು ನಾಯಿಯೂ ಇತ್ತು,” ಎಂದ ತಾರಾನಾಥ.

ಕಮಿಟಿಯ ಒಬ್ಬ ಹೆಂಗಸು ನಸುನಕ್ಕಳು, ಬಾಲ್ಯದ ಸವಿನೆನಪು ಕೇಳಿದವಳ ಹಾಗೆ. ಮೊದಲ ಸಾಲಿನಲ್ಲಿ ಶೇಷಾದ್ರಿ ನಗಲಿಲ್ಲ; ತಲೆ ತಗ್ಗಿಸಿದ್ದರು. ಅವರಿಗೆ ಕನ್ನಡ ಬರುತ್ತದೆ, ಎಲ್ಲವನ್ನೂ ನೇರವಾಗಿ ಕೇಳಿಸಿಕೊಂಡಾಗಿದೆ ಎಂಬುದು ಈ ಪುಣ್ಯಾತ್ಮನಿಗೆ ಆ ಗಳಿಗೆಯಲ್ಲಿ ಹೊಳೆಯಲೇ ಇಲ್ಲ ನೋಡಿ! ಯಾರಿಂದ ಮುಚ್ಚಿಡಬೇಕಿತ್ತೋ ಅವರ ಮುಂದೆ ಎಲ್ಲ ಬಿಚ್ಚಿಹೋಗಿತ್ತು. ಯಾರಿಗೆ ತಿಳಿಯಬೇಕಿತ್ತೋ ಅವರ ಮುಂದೆ ಇವನು ಮುಚ್ಚುತ್ತಿದ್ದ.

ಹಿಂದಿನ ಸಾಲಿನಲ್ಲಿ ಕುರ್ಚಿ ಸರಿದ ಸದ್ದಾಯಿತು. ನವ್ಯಾ ಎದ್ದು ನಿಂತಿದ್ದಳು.

“ಅಪ್ಪಾ, ಅಜ್ಜಿ ಹಾಗೆ ಹೇಳ್ಲಿಲ್ಲ. ಅಜ್ಜಿ ಗುಂಡಿ ಅಂದ್ರು. ನಾಯಿಗೆ ಪಾಟ್ ಇತ್ತು, ನಮಗೆ ಇಲ್ಲ ಅಂದ್ರು. ನೀವು ಸರಿಯಾಗಿ ಹೇಳಿ.”

ಎಲ್ಲರೂ ತಿರುಗಿ ನೋಡಿದರು. ಐವತ್ತರ ಬದಲು ಮೂವತ್ತು ಜನ, ಎದ್ದು ನಿಂತದ್ದು ಈ ಸಲ ಅವನ ಮಗಳು. ಅವಳು ಕೂರಲಿಲ್ಲ. ತಾರಾನಾಥನಿಗೆ ಅಳು ಉಕ್ಕಿ ಬಂತು. ಅಲರ್ಜಿ ಅನ್ನಲು ಇಲ್ಲಿ ಯಾರೂ ಕೇಳಿರಲಿಲ್ಲ.

ಅವನು ಮೈಕಿಗೆ ಬಾಗಿ ಇಂಗ್ಲಿಷಿನಲ್ಲಿ ಮತ್ತೆ ಹೇಳಿದ. “ನಾನು ತಪ್ಪು ಹೇಳಿದೆ. ನನ್ನ ತಾಯಿ ನೆಲದ ಗುಂಡಿಯಲ್ಲಿ ಉಂಡರು. ನಾಯಿಗೆ ಒಂದು ಚಟ್ಟಿ ಇತ್ತು, ಅವರಿಗೆ ಇರಲಿಲ್ಲ. ಆ ಮೂರು ದೂರುಗಳಲ್ಲಿ ಒಂದು ನನ್ನದು. ಪಾಠದಿಂದ ನನ್ನ ಮಗಳಿಗೆ ಮುಜುಗರ ಆಗಲಿಲ್ಲ. ನನಗಾಯಿತು. ಅದನ್ನು ವಾಪಸ್ ತೆಗೆದುಕೊಳ್ಳುತ್ತಿದ್ದೇನೆ.”

ಮಿಸೆಸ್ ಪೆಟಿಫರ್ಡ್ ಪ್ರೇಮಾವತಿಯ ಕಡೆ ತಲೆಬಾಗಿದರು. ತಾರಾನಾಥನ ಕಡೆ ನೋಡಲಿಲ್ಲ.

ಪಾರ್ಕಿಂಗಿನಲ್ಲಿ ಶೇಷಾದ್ರಿ ಹತ್ತಿರ ಬಂದು ಪ್ರೇಮಾವತಿಗೆ ಕೈಮುಗಿದರು. “ಅಮ್ಮಾ, ನಮ್ಮ ತಾತನ ಮನೇಲೂ ಗದ್ದೆ ಆಳುಗಳಿಗೆ…” ಎಂದು ಶುರು ಮಾಡಿದವರು ಮಾತು ಮುಗಿಸಲಿಲ್ಲ. ಪ್ರೇಮಾವತಿ, “ಇರ್ಲಿ, ಮನೆಗೆ ಬನ್ನಿ, ಮೀನು ತಿನ್ನುದಿಲ್ಲ ಅಲ್ವಾ ನೀವು?” ಎಂದರು. ಶೇಷಾದ್ರಿ ತಮ್ಮ ಫಾರ್ಮ್ ವಾಪಸ್ ತೆಗೆದುಕೊಳ್ಳಲಿಲ್ಲ.

ಎರಡು ವಾರ ಕಳೆದು ಯುಗಾದಿಯ ಮರುದಿನ ಶಾಲೆಯ ಪತ್ರ ಬಂತು. ಈ ವರ್ಷ ಮೇಜು ಇಲ್ಲ. ಪಾಠವನ್ನು ಪುಸ್ತಕದಲ್ಲಿರುವಷ್ಟೇ ಮಾಡಬೇಕು, ಮನೆಯವರನ್ನು ಏನೂ ಕೇಳುವ ಹಾಗಿಲ್ಲ. ತಾರಾನಾಥ ಟೀಚರಿಗೆ ಕ್ಷಮೆ ಕೇಳಿ ಬರೆದಿದ್ದ ಇಮೇಲಿಗೂ ಅದೇ ದಿನ ಉತ್ತರ ಬಂತು, ಎರಡೇ ಸಾಲು. ‘ಹನ್ನೊಂದು ವರ್ಷದಿಂದ ಆ ಮೇಜು ಹಾಕುತ್ತಿದ್ದೆ. ನಿಮ್ಮ ತಾಯಿಯವರಿಗೆ ಹೇಳಿ, ಅವರ ಜಾಗವನ್ನು ಮೇಜಿನ ನಡುವೆಯೇ ಇಟ್ಟಿದ್ದೆ.’

ಅದನ್ನು ಅವನು ಊಟಕ್ಕೆ ಮುಂಚೆ ಎಲ್ಲರಿಗೂ ಓದಿ ಹೇಳಿದ. ಈ ಸಲ ಒಂದು ಮಾತೂ ಬಿಡಲಿಲ್ಲ. ನವ್ಯಾ ಎದ್ದು ಹೋಗಿ ಗ್ಯಾರೇಜಿನಿಂದ ಟ್ರೇ ತಂದು ಊಟದ ಮೇಜಿನ ನಡುವೆ ಇಟ್ಟಳು. ಮಣ್ಣು ಒಣಗಿ ಬಿರುಕು ಬಿಟ್ಟಿತ್ತು, ಎಲೆಯ ಚಮಚ ಕಂದು ಬಣ್ಣಕ್ಕೆ ತಿರುಗಿತ್ತು. ಯಾಮಿನಿ ಸುತ್ತ ನಾಲ್ಕು ತಟ್ಟೆ ಹಾಕಿ ಸಾರಿನ ಪಾತ್ರೆಗೆ ಜಾಗ ಮಾಡಿದಳು.

ಸಭೆಯ ದಿನದಿಂದ ಪ್ರೇಮಾವತಿ ಒಳಗೇ ಉಣ್ಣುತ್ತಿದ್ದರು. ಅವತ್ತೂ ಬಂದು ಕೂತರು. ತಾರಾನಾಥ ಮಾತ್ರ ಕೂರಲಾರದೆ ಹೋದ. ತಟ್ಟೆಗೆ ಅನ್ನ ಹಾಕಿಕೊಂಡು ಹಿಂಬಾಗಿಲ ಕಡೆ ನಡೆದ.

“ಎಲ್ಲಿಗೆ?” ಕೇಳಿದರು ತಾಯಿ.

“ಹೊರಗೆ. ಮೆಟ್ಟಿಲ ಮೇಲೆ ಉಣ್ತೀನಮ್ಮಾ. ನಂಗೆ ಅದೇ ಸರಿ.”

“ನಾಟಕ ಬೇಡ.” ಪ್ರೇಮಾವತಿಯ ದನಿ ಏರಿತು. “ಅಲ್ಲಿ ಯಾರೂ ಇಷ್ಟಪಟ್ಟು ಕೂತದ್ದಲ್ಲ ಮಗಾ. ಒಳಗೆ ಕೂರ್ಲಿಕ್ಕೆ ಬಿಡದ್ದಕ್ಕೆ ಕೂತದ್ದು. ನಿನ್ನನ್ನು ಯಾರು ತಡೆದದ್ದು? ಬಾ, ಮಗಳ ಎದುರು ಕೂತು ಉಣ್ಣು.”

ತಾರಾನಾಥ ಬಾಗಿಲ ಹಿಡಿ ಬಿಟ್ಟು ಬಂದು, ನವ್ಯಾಳ ಎದುರಿನ ಕುರ್ಚಿಯಲ್ಲಿ ಕೂತ. ಅವಳು ತಲೆ ಎತ್ತಲಿಲ್ಲ. ನಡುವೆ ಕೆಂಪು ಮಣ್ಣಿನ ಗುಂಡಿ. ಅದರಾಚೆಯಿಂದ ಯಾರಾದರೂ ಸಾರು ಬಡಿಸಲಿ ಎಂದು ಅವನು ಕಾದು ಕೂತ.